ಇದ್ದಿಲು ಬಸ್ಸೂ ನಮ್ಮವ್ವನ ಶುಕ್ರವಾರವೂ

ಹೊಸ ತರಹದ ಗಾಡಿ ಕೊಂಡವನ ಮನೆಯಲ್ಲಿ ನಗುವಿಗೆ ಬರ ಬರುವುದಿಲ್ಲ. ಯುದ್ಧ ಬಂದು ಪೆಟ್ರೋಲು ರೇಷನ್ ಆದಾಗ ಹುಣಸೂರು–ಪಿರಿಯಾಪಟ್ಟಣ ಲೈನಿನಲ್ಲಿ ಓಡಿಸಲು ನಾನೊಂದು ಇದ್ದಿಲು ಬಸ್ಸು ಕೊಂಡೆ. ಬೆನ್ನಿಗೆ ಹಂಡೆಯಂಥ ಉದ್ದನೆಯ ಒಲೆ. ಅದರಲ್ಲಿ ಇದ್ದಿಲು ಉರಿದು ಬರುವ ಗ್ಯಾಸಿನಿಂದಲೇ ಎಂಜಿನ್ ಓಡಬೇಕು. ಬಸ್ಸು ನಿಂತರೆ ಲೈನು ಬೇರೆಯವರ ಪಾಲು. ಆ ಲೈನೇ ನಮ್ಮ ಮನೆಯ ಅನ್ನ.

೧. ಭಾವನ ಸಲಹೆ

ಕೊಳ್ಳುವ ಮುಂಚೆ ಕೆ.ಆರ್. ನಗರದ ನಮ್ಮ ಭಾವನನ್ನು ಕೇಳಿದೆ. ಊರಲ್ಲಿ ಕಾರಿದ್ದವರು ಅವರೊಬ್ಬರೇ. ಪೆಟ್ರೋಲಿಲ್ಲದೆ ಅದು ಕೊಟ್ಟಿಗೆ ಸೇರಿತ್ತು.

"ಇದ್ದಿಲು ತಿನ್ನೋ ಗಾಡಿ ಯಾವನು ತಕೊಂಡಾನು? ಪೆಟ್ರೋಲ್ ಗಾಡಿ ಗತ್ತೇ ಬ್ಯಾರೆ ಕಣಯ್ಯ" ಅಂದರು.

"ನಮ್ಮ ಕಡೆ ಕಾಡಲ್ಲಿ ಇದ್ದಿಲು ಸುಡೋಕೆ ಸೌದೆಗೇನು ಕಮ್ಮಿ ಭಾವ? ಪೆಟ್ರೋಲು ಯಾವ ಮರದಲ್ಲಿ ಬಿಡ್ತದೆ?" ಅಂದೆ.

ಭಾವ ಸಿಟ್ಟಿನಿಂದ ಕಾರಿನ ಬಾಗಿಲು ತೆರೆದು ಮೆತ್ತನೆಯ ಸೀಟು ತೋರಿಸಹೋದರು. ಒಳಗೆ ಕೋಳಿ ಕಾವಿಗೆ ಕೂತಿತ್ತು. ಅದು ಕುಕ್ಕಲು ಬಂದದ್ದೇ ಭಾವ ಮೆಲ್ಲಗೆ ಬಾಗಿಲು ಮುಚ್ಚಿ, "ಸದ್ಯಕ್ಕೆ ನಿಂದೇ ವಾಸಿ ಬುಡು" ಅಂದರು.

೨. ಬೇಯದ ಗೆಣಸು

ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಗಾಳಿಯಂತ್ರದ ಹಿಡಿ ತಿರುಗಿಸಿ, ಮುಖವೆಲ್ಲ ಮಸಿಯಾದ ಮೇಲೆ ಬಸ್ಸು ಕೆಮ್ಮುತ್ತ ಹೊರಡುತ್ತಿತ್ತು. ಜನಕ್ಕೆ ಈ ಒಲೆ ಬಹಳ ಬೇಗ ಅಭ್ಯಾಸವಾಯಿತು. ಒಬ್ಬ ರೈತ ಅದರ ಬೂದಿಯಲ್ಲಿ ಗೆಣಸು ಹೂತಿಟ್ಟು ಒಳಗೆ ಕೂತ. ಅವನ ಊರು ಬಂತು. ಕಂಡಕ್ಟರು ಇಳಿ ಅಂದ.

ರೈತ ಹಿಂದಕ್ಕೆ ಹೋಗಿ ಗೆಣಸು ಅಮುಕಿ ನೋಡಿ ಮತ್ತೆ ಹತ್ತಿದ.

"ಇನ್ನೂ ಬೆಂದಿಲ್ಲ ಕಣ್ರೀ. ಮುಂದ್ಲೂರಲ್ಲಿ ಇಳ್ಕತೀನಿ, ನಡೀರಿ."

೩. ಮನೆಯ ಬೆಂಕಿ

ಒಲೆ ಹಚ್ಚಲು ಡ್ರೈವರು ನಮ್ಮ ಅಡಿಗೆಮನೆಯಿಂದಲೇ ಕೆಂಡ ಒಯ್ಯುತ್ತಿದ್ದ. ಮೊದಲ ಶುಕ್ರವಾರ ನಮ್ಮವ್ವ ಹೊಸಿಲಿಗೆ ಅಡ್ಡ ನಿಂತಳು.

"ಸುಕ್ರವಾರ ಮನೆ ಬೆಂಕೀಯ ಆಚೆಗೆ ಕೊಟ್ಟಾರಾ? ಲಕ್ಷ್ಮಿ ಎದ್ದು ಒಂಟೋಯ್ತಾಳೆ ಕಣ್ಲಾ!"

ನಾನು ಬೆಂಕಿಪೊಟ್ಟಣ ತೆಗೆದೆ.

"ಆ ಪೊಟ್ಟಣ ಯಾರ ಮನೇದ್ಲಾ?"

ಅಕ್ಕಪಕ್ಕದ ಮನೆಗಳಲ್ಲಿ ಕೇಳೋಣವೆಂದರೆ ಅವರಿಗೂ ಅದು ಶುಕ್ರವಾರವೇ. ಬಸ್ಸಿನ ತುಂಬ ಜನ ಕಾಯುತ್ತಿದ್ದರು. ನನಗೆ ಅಳುವೊಂದೇ ಬಾಕಿ. ಆಗ ಅವ್ವನೇ ದಾರಿ ಕಂಡುಕೊಂಡಳು. ಮನೆಯವರು ಜೊತೆಗಿದ್ದರೆ ಬೆಂಕಿ ಹೊರಗೆ ಕೊಟ್ಟಂತಲ್ಲ, ಹೊತ್ತುಕೊಂಡು ಹೋದಂತೆ. ಅಂದಿನಿಂದ ಪ್ರತಿ ಶುಕ್ರವಾರ ಎಲೆಅಡಿಕೆ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕೂರತೊಡಗಿದಳು. ಪಿರಿಯಾಪಟ್ಟಣದ ಜನ ಅವಳನ್ನು ಬಸ್ಸಿನ ಮಾಲೀಕಳೆಂದೂ ನನ್ನನ್ನು ಆಳೆಂದೂ ತಿಳಿದರು.

೪. ಸಾಹೇಬರ ಪರೀಕ್ಷೆ

ಇಂಥ ಬಸ್ಸು ಲೈನಿಗೆ ಲಾಯಕ್ಕೇ ಎಂದು ನೋಡಲು ಸರ್ಕಾರದ ಸಾಹೇಬರು ಬಂದರು. ಬಂದದ್ದು ಶುಕ್ರವಾರವೇ. "ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ ಅಂದ್ರೆ ಲೈನು ರದ್ದು" ಎಂದು ಹೇಳಿಯೇ ಹತ್ತಿದರು. ನಾನು ಎದೆ ಸೆಟೆಸಿ, "ಕೂತ್ಕೊಳ್ಳಿ ಸ್ವಾಮಿ, ಹೂ ಎತ್ತಿದ ಹಾಗೆ ಹೋಗ್ತದೆ" ಅಂದೆ.

ಅರ್ಧ ದಾರಿಯ ಏರಿನಲ್ಲಿ ಬಸ್ಸು ನಿಂತಿತು. ರೂಢಿಯಂತೆ ಜನ ತಾವೇ ಇಳಿದು ಪಂಚೆ ಎತ್ತಿ ಕಟ್ಟಿದರು. ಸಾಹೇಬರೂ ಇಳಿದರು. ಅವ್ವ ಅಲ್ಲಾಡಲಿಲ್ಲ.

"ಆ ಮುದುಕಮ್ಮ ಯಾಕೆ ಇಳೀಲಿಲ್ಲ?"

ನಾನು ಬೆವರುತ್ತ, ಶುಕ್ರವಾರ ಮನೆಯ ಬೆಂಕಿ ಬಿಟ್ಟು ಅವ್ವ ಇಳಿಯುವುದಿಲ್ಲವೆಂದು ಹೇಳಿದೆ. ಇನ್ನು ಮುಗಿಯಿತು ಅಂದುಕೊಂಡೆ. ಸಾಹೇಬರು, "ನಮ್ಮ ತಾಯಿಯೂ ಶುಕ್ರವಾರ ಹೀಗೇ ಕಣಯ್ಯ" ಎಂದು ಕೋಟಿನ ತೋಳು ಮಡಿಸಿ ಬಸ್ಸಿಗೆ ಹೆಗಲು ಕೊಟ್ಟರು. ಏರು ಹತ್ತಿತು. ಹೊತ್ತಿಗೆ ಸರಿಯಾಗಿ ಪಿರಿಯಾಪಟ್ಟಣ ಮುಟ್ಟಿದೆವು.

ಮುಖದ ಮಸಿ ಒರೆಸಿಕೊಳ್ಳುತ್ತ ಸಾಹೇಬರು, "ಲೈನು ನಿಮಗೇ ಇರಲಿ" ಅಂದರು. ನಾನು ಎರಡೂ ಕೈ ಎತ್ತಿ ಮುಗಿದೆ. ಅಷ್ಟರಲ್ಲಿ ಅವ್ವ ಕಿಟಕಿಯಿಂದ ತಲೆ ಹಾಕಿದಳು.

"ಲೋ ಮಗ, ಈ ಕೋಟಿನಯ್ಯ ಸಂದಾಗಿ ನೂಕ್ತಾನೆ ಕಣ್ಲಾ. ದಿನಾ ಕರ್ಕೊಂಡ್ ಬಾ, ಟಿಕೀಟು ಕೇಳಬ್ಯಾಡ!"