ಮೂಲೆ ಮಡಿಚಿದ ಕಾದಂಬರಿ

ಎಂಟು ತಿಂಗಳ ಮಗುವಿನ ತಾಯಿಗೆ ಮುನ್ನೂರು ಪುಟದ ಕಾದಂಬರಿ ಓದುವ ಹಕ್ಕನ್ನು ಸಂವಿಧಾನ ಕೊಟ್ಟಿರಬಹುದು, ನಮ್ಮ ವೃಂದಾ ಕೊಟ್ಟಿಲ್ಲ. ನಾನು ಪುಸ್ತಕ ತೆರೆದರೆ ಸಾಕು, ತೊಟ್ಟಿಲಲ್ಲಿ ಅವಳ ಕಣ್ಣೂ ತೆರೆಯುತ್ತದೆ.

ಅದೂ ಅಂತಿಂಥ ಕಾದಂಬರಿಯಲ್ಲ. ಗಂಡನನ್ನೂ ಮಗುವನ್ನೂ ಬಿಟ್ಟು, ಒಂದು ಬೆಳಿಗ್ಗೆ ಸೂಟ್‌ಕೇಸ್ ಹಿಡಿದು ಬಸ್ಸು ಹತ್ತುವ ಹೆಂಗಸಿನ ಕತೆ. ಪುಸ್ತಕ ಬಂದು ಹದಿನೈದು ದಿನವಾಗಿರಲಿಲ್ಲ, ನಮ್ಮೂರು ಆಳಂದದಲ್ಲಿ ಅರ್ಧ ಊರು ಅದನ್ನು ಖಂಡಿಸಿತ್ತು, ಇನ್ನರ್ಧ ಸಮರ್ಥಿಸಿತ್ತು. ಓದಿದವರು ಮಾತ್ರ ಯಾರೂ ಸಿಕ್ಕಿರಲಿಲ್ಲ. ನಮ್ಮ ಮನೆಯವರದು ಖಂಡಿಸುವ ಬಣ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಇವರು ವಾಟ್ಸಾಪಿನಲ್ಲಿ ಎಷ್ಟು ಉಗ್ರವಾಗಿ ಬರೆದರೆಂದರೆ, ಭಾನುವಾರದ ವಿಚಾರಗೋಷ್ಠಿಗೆ ಸಾಹಿತ್ಯ ಸಂಘದವರು ಇವರನ್ನೇ ಕರೆದರು. ಆಗ ವಿಧಿಯಿಲ್ಲದೆ ಪುಸ್ತಕ ಕೊಂಡು ತಂದರು.

"ಸುವರ್ಣಾ, ನನಗ ಪರೀಕ್ಷಾ ಪೇಪರ್ ತಿದ್ದೂದದ. ನೀ ಓದು. ಆಕ್ಷೇಪಾರ್ಹ ಇದ್ದಲ್ಲಿ ಪುಟದ ಮೂಲಿ ಮಡಿಚಿಡು."

"ಆಕ್ಷೇಪಾರ್ಹ ಅಂತ ನನಗ ಹ್ಯಾಂಗ ಗೊತ್ತಾಗ್ಬೇಕ್ರಿ?"

"ಓದಾಕತ್ತಾಗ ನಾಚಿಕಿ ಬಂದ್ರ ಮಡಿಚು."

"ಅಂಥಾ ಪುಸ್ತಕ ದೇವರ ಮನಿ ಕಡೀ ತರಬ್ಯಾಡವಾ," ಎಂದು ಅತ್ತೆ ವತ್ಸಲಾಬಾಯಿ ಹೂಬತ್ತಿ ಹೊಸೆಯುತ್ತಲೇ ಆಜ್ಞಾಪಿಸಿದರು.

ಓದತೊಡಗಿದೆ. (ಓದತೊಡಗಿದೆ ಅನ್ನುವುದು ದೊಡ್ಡ ಮಾತಾಯಿತು.) ಎರಡು ಪುಟ, ಅಳು. ಒಂದೂವರೆ ಪುಟ, ಒದ್ದೆ ಚಡ್ಡಿ. ಅರ್ಧ ಪುಟ, ಒಲೆಯ ಮೇಲೆ ಹಾಲು. ಎದ್ದಾಗಲೆಲ್ಲ ಓದಿದಲ್ಲಿಗೆ ಮೂಲೆ ಮಡಿಚಿ ಓಡಿದೆ. ನಾಚಿಕೆ ಎಲ್ಲೂ ಬರಲಿಲ್ಲ, ಬಂದದ್ದು ಕಳವಳ. ರೊಟ್ಟಿ ಬಡಿಯುವಾಗಲೂ ಅದೇ: ಆಕೆ ಬಸ್ಸಿನಿಂದ ಇಳಿದು ಮನೆಗೆ ಮರಳುತ್ತಾಳೋ, ಹೋಗಿಯೇ ಬಿಡುತ್ತಾಳೋ? ಶನಿವಾರದ ದಿನಚರಿಯಲ್ಲಿ ಬರೆದದ್ದು ಇಷ್ಟೇ: "ಆಕೆ ಸೀಟಿನಲ್ಲಿ ಕೂತಿದ್ದಾಳೆ. ಕಂಡಕ್ಟರ್ ಇನ್ನೂ ಸೀಟಿ ಊದಿಲ್ಲ. ವೃಂದಾ ಊದಿದಳು. ಮೂವತ್ತೆರಡು ಪುಟ ಬಾಕಿ."

ಭಾನುವಾರ ನಾನು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಇವರು ಪುಸ್ತಕವನ್ನು ಬಗಲಚೀಲಕ್ಕೆ ಸೇರಿಸಿ ಹೊರಟೇಬಿಟ್ಟರು. "ಅಬಬಾ, ಎಷ್ಟು ಮಡಿಚೀದಿ. ಭಾಳ ಹೊಲಸದ ಅಂದಂಗಾತು," ಎಂಬ ಮಾತು ಬಾಗಿಲಾಚೆಯಿಂದ ಕೇಳಿಸಿತು. ಎಣ್ಣೆಗೈಯಲ್ಲಿ ಅಟ್ಟಿಸಿಕೊಂಡು ಹೋಗುವುದು ಹೇಗೆ?

ಮಗುವಿಗೆ ಅಂಗಿ ತೊಡಿಸಿ, ಖಂಡಿಸಲು ತುದಿಗಾಲಲ್ಲಿದ್ದ ಅತ್ತೆಯನ್ನು ಕರೆದುಕೊಂಡು ಸಭೆ ಮುಟ್ಟುವಷ್ಟರಲ್ಲಿ ಇವರು ಮೈಕಿನ ಮುಂದಿದ್ದರು.

"ತಾಯಂದಿರು ಬೇಕಾದ್ರ ಕಿವಿ ಮುಚ್ಕೋರಿ," ಎಂದು ಮೊದಲನೆಯ ಮಡಿಕೆ ಬಿಡಿಸಿ ಓದಿದರು. ಯಾರೂ ಮುಚ್ಚಲಿಲ್ಲ. ಹಿಂದಿದ್ದವರು ಮುಂದೆ ಬಂದರು.

ಆ ಪುಟದಲ್ಲಿ ಕತೆಯ ಹೆಂಗಸು ತೊಗರಿಬೇಳೆ ಆರಿಸುತ್ತಿದ್ದಳು. ಸಭೆ ಉಸಿರು ಬಿಗಿಹಿಡಿದು ಕಾಯಿತು. ಬೇಳೆ ಆರಿಸುವುದು ಮುಗಿಯಿತು. ಎರಡನೆಯ ಮಡಿಕೆಯಲ್ಲಿ ಮಗುವಿಗೆ ಜ್ವರ. ಆಕೆ ಒದ್ದೆ ಬಟ್ಟೆ ಹಿಡಿದು ನಿಂತಲ್ಲೇ ತೂಕಡಿಸಿದಳು. ಮೂರನೆಯದರಲ್ಲಿ ಗಂಡ ಚಹಾ ಕೇಳಿದ. ಹಾಲು ಎಲ್ಲಿದೆ ಅಂತ ನಿಮಗೂ ಗೊತ್ತು, ಎಂದಳು ಆಕೆ. ಇವರು ಹಣೆ ಒರೆಸಿಕೊಂಡು ನಾಲ್ಕನೆಯದನ್ನು, ಐದನೆಯದನ್ನು ಬಿಡಿಸಿದರು. ಹೊಲಸು ಎಲ್ಲೂ ಸಿಗಲಿಲ್ಲ. ನನ್ನತ್ತ ಒಂದು ನೋಟ ಬಂತು. ನಾನು ವೃಂದಾಳ ಕುಲಾವಿ ಸರಿಪಡಿಸಿದೆ.

ಮಟಕಿ ಹಳ್ಳಿಯಿಂದ ಖಂಡಿಸಲೆಂದೇ ಬಂದಿದ್ದ ಗಂಗುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವಳಿಗೆ, "ನಮ್ಮನ್ಯಾಗ ಕೂತು ಬರದಂಗದಲ್ಲ ಬೇ," ಎಂದರು. ನಮ್ಮ ಅತ್ತೆ ಖಂಡಿಸುವುದನ್ನು ಮರೆತು ಕುರ್ಚಿ ಮುಂದಕ್ಕೆಳೆದುಕೊಂಡರು. (ಇದು ದಿನಚರಿಯಲ್ಲಿ ದಾಖಲಾಗಬೇಕಾದ ಘಟನೆ.)

ಕೊನೆಗೆ ಅಧ್ಯಕ್ಷರಾದ ವಾಮನ ಮಾಸ್ತರರು ಎದ್ದು ನಿಂತರು. "ನಮ್ಮ ಅರ್ಥಶಾಸ್ತ್ರದ ತುಷಾರ ಅವರು ಖಂಡಿಸ್ತೇನಿ ಅಂತ ಬಂದು, ಖಂಡಿಸೂವಂಥಾದ್ದು ಏನೂ ಇಲ್ಲಂತ ಎಷ್ಟು ನಾಜೂಕಾಗಿ ತೋರಿಸಿದ್ರು ನೋಡ್ರಿ. ವಿಮರ್ಶಾ ಅಂದ್ರ ಇದು."

ಚಪ್ಪಾಳೆ ಬಿತ್ತು. ಇವರು ಒಂದು ಕ್ಷಣ ಕಣ್ಣು ಪಿಳುಕಿಸಿ, ಅದೇ ತಮ್ಮ ಉದ್ದೇಶವಾಗಿತ್ತು ಎಂಬಂತೆ ಕೈಮುಗಿದು ಶಾಲು ಹೊದೆಸಿಕೊಂಡರು. ಅಲ್ಲಿಯೇ ಜೇವರ್ಗಿಯವರೂ ಅಫಜಲಪುರದವರೂ ಭಾಷಣಕ್ಕೆ ಆಮಂತ್ರಣ ಕೊಟ್ಟರು.

ಮನೆಗೆ ಬಂದವರೇ, "ಎಂಥಾ ಪುಸ್ತಕ ಸುವರ್ಣಾ. ಪ್ರತಿಯೊಬ್ಬ ಹೆಣ್ಣುಮಗಳೂ ಓದಲೇಬೇಕು," ಎಂದರು.

"ಹಂಗಾದ್ರ ಕೊಡ್ರಿ. ಮೂವತ್ತೆರಡು ಪುಟ ಉಳದಾವ."

"ಆಯಿ ಇಸಗೊಂಡಳಲ್ಲ."

ಮೂರು ದಿನವಾಯಿತು, ಪುಸ್ತಕ ಅತ್ತೆಯ ತೊಡೆ ಬಿಟ್ಟಿಳಿದಿಲ್ಲ. ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳು ಸರಿಸುತ್ತಾ ಓದುತ್ತಾರೆ. ಅವರ ಪಾಲಿನ ಹೂಬತ್ತಿ, ಒಗ್ಗರಣೆ, ತೊಟ್ಟಿಲು ತೂಗುವುದು ಎಲ್ಲ ಈಗ ನನ್ನ ಪಾಲಿಗೆ. ಇವತ್ತು ಮಧ್ಯಾಹ್ನ ತಡೆಯಲಾಗದೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ನಿಂತೆ.

"ಅತ್ಯಾರ, ಎಲ್ಲೀತನಾ ಬಂತ್ರಿ?"

ಅವರು ಕಣ್ಣೆತ್ತಲಿಲ್ಲ.

"ಒಂದೀಟು ಚಹಾ ಇಡವಾ. ಆಕಿ ಬಸ್ಸಿನಾಗ ಕೂತಾಳ, ನನಗ ಈಗ ಏಳಾಕ ಆಗಂಗಿಲ್ಲ."