ಇನ್‌ಸ್ಪೆಕ್ಟರ್ ಬಂದ ಮಂಗಳವಾರ

ವಯನಾಡಿಗೆ ಇಂಗ್ಲಿಷ್ ಮೇಷ್ಟ್ರಾಗಿ ಹೊರಟಾಗ ನನಗಿದ್ದ ಆತ್ಮವಿಶ್ವಾಸವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅಲ್ಲಿ ಕಾಡು, ಜಿಗಣೆ, ಚಳಿಜ್ವರ ಎಂದು ನಂಜನಗೂಡಿನ ನಮ್ಮ ಬೀದಿಯವರೆಲ್ಲ ಹೆದರಿಸಿದರು. ನಾನು ಪಾಠ ಹೇಳಲು ಹೋಗುತ್ತಿರುವುದು ಮಕ್ಕಳಿಗೆ, ಜಿಗಣೆಗಳಿಗಲ್ಲ ಎಂದು ಉತ್ತರ ಕೊಟ್ಟೆ. ಹೆಂಡತಿ ಶಾರದೆ ಮತ್ತು ಎರಡು ಟ್ರಂಕುಗಳೊಂದಿಗೆ ಬಸ್ಸು ಹತ್ತಿದೆ. ಊರಲ್ಲಿ ಯಾವ ಶಾಲೆಯವರೂ ನನ್ನನ್ನು ಕರೆದಿರಲಿಲ್ಲ ಎಂಬ ಸಣ್ಣ ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಬಾವಲಿ ಹೊಳೆ ದಾಟಿದ್ದೇ ತಡ, ಪರದೇಶ! ಅಂಗಡಿಯಲ್ಲಿ ಮಲಯಾಳ, ಅನ್ನ ಕುಸುಬಲಕ್ಕಿಯದು, ತರಕಾರಿ ಎಂದರೆ ದಿನವೂ ಮರಗೆಣಸು. ಕಾಟ್ಟಿಕುಳಂನಿಂದ ಮೂರು ಮೈಲಿ ಒಳಗೆ ನಮ್ಮ ಶಾಲೆ. ತಿರುವಾಂಕೂರಿನಿಂದ ಬಂದು ಕಾಡು ಕಡಿದು ನೆಲೆನಿಂತವರೂ, ಅವರಿಗಿಂತ ಮೊದಲೇ ಗದ್ದೆ ಮಾಡಿಕೊಂಡಿದ್ದ ನಮ್ಮ ಕಡೆಯ ರೈತರೂ ಸೇರಿ ಕಟ್ಟಿದ ಹುಲ್ಲಿನ ಮಾಡು ಅದು. ನನ್ನನ್ನು ಎಲ್ಲರೂ 'ಮಾಷ್' ಎಂದರು. ಹೆಸರು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಮೇಷ್ಟ್ರುಗಳು ಬರುತ್ತಿದ್ದರು, ಜ್ವರ ಹಿಡಿದು ಹೋಗುತ್ತಿದ್ದರು, ಎಷ್ಟು ಹೆಸರು ಅಂತ ನೆನಪಿಟ್ಟುಕೊಂಡಾರು?

ಅಲ್ಲಿನ ಜ್ವರ ಬಹಳ ಶಿಸ್ತಿನದು. ಒಂದು ದಿನ ಬಿಟ್ಟು ಒಂದು ದಿನ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಮೊದಲು ಚಳಿ, ಆಮೇಲೆ ಉರಿ, ಆಮೇಲೆ ಬೆವರು. ಮರುದಿನ ಏನೂ ಆಗಿಲ್ಲವೆಂಬಂತೆ ಎದ್ದು ಗದ್ದೆಗೆ ಹೋಗುತ್ತಿದ್ದರು. ಮನೆಮನೆಯ ಬಾಗಿಲ ಪಕ್ಕದಲ್ಲಿ ಇದ್ದಿಲಿನ ಗುರುತು ಇರುತ್ತಿತ್ತು. ಜ್ವರದ ದಿನಕ್ಕೆ ಒಂದು ಗೆರೆ, ಬಿಡುವಿನ ದಿನಕ್ಕೆ ಒಂದು ಚುಕ್ಕೆ. ಮದುವೆಗೆ ದಿನ ಇಡಬೇಕಾದರೂ ಮೊದಲು ಈ ಗೋಡೆ, ಆಮೇಲೆ ಪಂಚಾಂಗ. ಬಂದ ತಿಂಗಳಲ್ಲೇ ನಾನು ಇದನ್ನು ಮೂಢನಂಬಿಕೆ ಎಂದು ಘೋಷಿಸಿ ತರಗತಿಯಲ್ಲಿ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಮಕ್ಕಳು ಶಾಂತವಾಗಿ ಕೇಳಿದರು. ಅರ್ಧ ಮಕ್ಕಳು ಆ ದಿನ ಜ್ವರದಿಂದ ಮನೆಯಲ್ಲಿದ್ದರು.

ನನ್ನ ತರಗತಿಯ ಮಕ್ಕಳಲ್ಲಿ ಗೌರಿ ಒಬ್ಬಳು. ಮಾದಯ್ಯ ಎಂಬ ಕನ್ನಡದ ರೈತರ ಮಗಳು. ವಯಸ್ಸು ಹದಿಮೂರೋ ಹದಿನಾಲ್ಕೋ. ಇಂಗ್ಲಿಷ್ ಓದುವುದರಲ್ಲಿ ಅವಳಿಗೆ ಸಮ ಇರಲಿಲ್ಲ, ನನ್ನನ್ನೂ ಸೇರಿಸಿಕೊಂಡು. ಹಿಂದಿನ ಮಳೆಗಾಲದಲ್ಲಿ ಅವಳ ತಾಯಿ ಇದೇ ಜ್ವರಕ್ಕೆ ತೀರಿಕೊಂಡಿದ್ದರು. ಇಬ್ಬರು ಪುಟ್ಟ ತಮ್ಮಂದಿರು ಅವಳ ಮೇಲೇ ಬಿದ್ದಿದ್ದರು. ನಮ್ಮಲ್ಲಿ ಅದೇ ಕೊನೆಯ ತರಗತಿ. ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರ್ ಮಕ್ಕಳನ್ನು ಓದಿಸಿ ನೋಡಿ ಒಬ್ಬರಿಗೆ ಮಾನಂತವಾಡಿಯ ಹೈಸ್ಕೂಲಿನಲ್ಲಿ ಹಾಸ್ಟೆಲ್ ಸೀಟು ಬರೆದುಕೊಡುತ್ತಿದ್ದರು.

"ಸೀಟು ಸಿಕ್ಕಿದ್ರೆ ಕಳಿಸ್ತೀನಿ ಮಾಷೇ, ಹೆಂಗೋ ನಾನೇ ಬೇಯಿಸ್ಕೊಂಡು ತಿಂತೀನಿ. ಸಿಕ್ಕದಿದ್ರೆ ಮನೇಲಿ ಇರಲಿ" ಎಂದಿದ್ದರು ಮಾದಯ್ಯ.

ಅಂತಹ ಹೊತ್ತಿನಲ್ಲಿ ಹೆಡ್‌ಮಾಸ್ಟರು ಜ್ವರ ಹಿಡಿದು ಆಸ್ಪತ್ರೆ ಸೇರಿದರು. ಶಾಲೆಯ ಸಮಸ್ತ ಅಧಿಕಾರವೂ ನನ್ನ ಕೈಗೆ ಬಂತು. ಮುಂದಿನ ವಾರ ಯಾವ ದಿನ ಅನುಕೂಲ ಎಂದು ಕೇಳಿ ಇನ್‌ಸ್ಪೆಕ್ಟರ್ ಸಾಹೇಬರ ಕಾಗದವೂ ಬಂತು. ಗೌರಿಗೆ ಅದೇ ವಾರ ಜ್ವರ ಶುರುವಾಗಿತ್ತು. ನಾನು ಹಾಜರಿ ಪುಸ್ತಕ ತೆರೆದು ಗಂಭೀರ ಸಂಶೋಧನೆ ನಡೆಸಿದೆ. ಸೋಮವಾರ ಗೈರು, ಮಂಗಳವಾರ ಹಾಜರು, ಬುಧವಾರ ಗೈರು, ಗುರುವಾರ ಹಾಜರು, ಶುಕ್ರವಾರ ಗೈರು. ಹುಡುಗಿ ಮಂಗಳವಾರ ಗಟ್ಟಿ ಎಂಬುದು ಸಿದ್ಧವಾಯಿತಲ್ಲ! ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ದಯಮಾಡಿಸಬೇಕೆಂದು ಶುಕ್ರವಾರ ಸಂಜೆಯೇ ಕಾಗದ ಹಾಕಿಬಿಟ್ಟೆ.

ಶನಿವಾರ ತರಗತಿಯಲ್ಲಿ ಈ ವಿಷಯ ಪ್ರಕಟಿಸಿದಾಗ ಗೌರಿ ಎದ್ದು ನಿಂತಳು.

"ಮಾಷೇ, ಚೊವ್ವಾಳ್ಚೆ ನಂಗೆ ಜ್ವರ ಬರ್ತದೆ." ಚೊವ್ವಾಳ್ಚೆ ಎಂದರೆ ಮಂಗಳವಾರ. ಅಲ್ಲಿಯವರ ಕನ್ನಡದಲ್ಲಿ ವಾರಗಳೆಲ್ಲ ಮಲಯಾಳದವು.

"ಬರಲ್ಲ. ನಾನು ರಿಜಿಸ್ಟರ್ ನೋಡಿ ಹೇಳ್ತಿದ್ದೀನಿ, ಕೂತ್ಕೋ" ಎಂದೆ.

ಕೂತುಕೊಂಡಳು. ಮೇಷ್ಟ್ರು ರಿಜಿಸ್ಟರ್ ನೋಡಿ ಹೇಳಿದ ಮೇಲೆ ಇನ್ನೇನು?

ಮನೆಯಲ್ಲಿ ನನ್ನ ಲೆಕ್ಕಾಚಾರದ ಜಾಣ್ಮೆಯನ್ನು ಶಾರದೆಗೆ ವಿವರಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ಬೆರಳು ಮಡಿಸಿದಳು.

"ಏನ್ರೀ, ಶುಕ್ರವಾರ ಆದ್ಮೇಲೆ ಭಾನುವಾರ ಬರುತ್ತಲ್ಲ, ಆಮೇಲೆ ಮಂಗಳವಾರಾನೇ ಅಲ್ವಾ?"

ನನ್ನ ಹಾಜರಿ ಪುಸ್ತಕದಲ್ಲಿ ಭಾನುವಾರದ ಮನೆಯೇ ಇರಲಿಲ್ಲ! ಶಾಲೆಗೆ ರಜೆ ಇದ್ದ ದಿನ ಜ್ವರಕ್ಕೂ ರಜೆ ಎಂದು ನಾನು ತೀರ್ಮಾನಿಸಿದ್ದೆ. ಗೋಡೆಯ ಇದ್ದಿಲಿನ ಗೆರೆಗಳಿಗೆ ವಾರದ ಗೊಡವೆ ಇರಲಿಲ್ಲವಾದ್ದರಿಂದ ಆ ಮೂಢನಂಬಿಕೆಯವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಇನ್ನೊಂದು ಕಾಗದ ಹಾಕೋಣವೆಂದರೆ ಅದು ತಲುಪುವುದರೊಳಗೆ ಸಾಹೇಬರೇ ತಲುಪಿರುತ್ತಾರೆ.

ಭಾನುವಾರ ಮಾದಯ್ಯನವರ ಮನೆಗೆ ಓಡಿದೆ. ಗೌರಿ ಮೂರು ಕಂಬಳಿಯೊಳಗೆ ಮಲಗಿದ್ದಳು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆ ನೋಡಿ ನಿಧಾನವಾಗಿ ಹೇಳಿದರು.

"ಇವಳಿಗೆ ಹನ್ನೊಂದು ಗಂಟೆಗೆ ಹಿಡೀತದೆ ಮಾಷೇ. ಅವರು ಹತ್ತಕ್ಕೆ ಬಂದ್ರೆ ಒಂದು ಗಂಟೆ ಹೊತ್ತು ಉಂಟು. ಬಂದ ಕೂಡ್ಲೇ ಓದಿಸಿಬಿಡಿ, ಆಯ್ತಾ?"

ಆಯ್ತು ಎಂದೆ. ಕೈಮುಗಿದು ಮಾತು ಕೊಟ್ಟೆ.

ಮಂಗಳವಾರ ಒಂಬತ್ತೂವರೆಗೇ ಅವರು ಮಗಳನ್ನು ಕರೆತಂದು ಶಾಲೆಯ ಬಾಗಿಲಲ್ಲಿ ನಿಂತರು. ಹತ್ತಾಯಿತು, ಜೀಪಿಲ್ಲ. ಹತ್ತೂ ಕಾಲಾಯಿತು, ಇಲ್ಲ. ದಾರಿಯಲ್ಲಿ ಆನೆ ನಿಂತಿತ್ತಂತೆ. ಹತ್ತೂವರೆಗೆ ಸಾಹೇಬರು ಇಳಿದರು. ಅರ್ಧ ಗಂಟೆ ಉಳಿದಿತ್ತು, ಗೌರಿಗೆ ಅದರಲ್ಲಿ ಐದು ನಿಮಿಷ ಸಾಕಿತ್ತು.

ಆದರೆ ನನ್ನ ಜೇಬಿನಲ್ಲಿ ಸ್ವಾಗತ ಭಾಷಣ ಇತ್ತು. ಇಂಗ್ಲಿಷಿನಲ್ಲಿ, ಒಂಬತ್ತು ಪುಟ. ಅದನ್ನು ಬಿಟ್ಟು ಮೊದಲು ಮಗುವನ್ನು ಓದಿಸಿ ಎಂದು ಬೆಳಿಗ್ಗೆ ಶಾರದೆ ಎರಡು ಸಲ ಹೇಳಿದ್ದಳು. ಶಿಷ್ಟಾಚಾರಕ್ಕೆ ಒಂದೇ ಪ್ಯಾರಾ ಓದಿ ನಿಲ್ಲಿಸುತ್ತೇನೆ ಎಂದು ನಾನೂ ಒಪ್ಪಿದ್ದೆ. ಎದ್ದು ನಿಂತು ಆ ಒಂದು ಪ್ಯಾರಾ ಓದಿದೆ. ಸಾಹೇಬರು ತಲೆದೂಗಿ "ವೆರಿ ಗುಡ್" ಎಂದುಬಿಟ್ಟರು.

ಕೆಟ್ಟಿದ್ದೇ ಅಲ್ಲಿ. ಹುಟ್ಟಿದಾರಭ್ಯ ನನ್ನ ಇಂಗ್ಲಿಷಿಗೆ ಯಾರೂ ವೆರಿ ಗುಡ್ ಎಂದಿರಲಿಲ್ಲ! ಎರಡನೇ ಪುಟಕ್ಕೆ ಹೋದೆ. ಸಾಹೇಬರನ್ನು ಮ್ಯಾಗ್ನಾನಿಮಸ್ ಎಂದೆ. ಅವರು ಮುಗುಳ್ನಕ್ಕರು, ಮತ್ತೊಮ್ಮೆ ಮ್ಯಾಗ್ನಾನಿಮಸ್ ಎಂದೆ. ಬಾಗಿಲಲ್ಲಿ ಮಾದಯ್ಯ ಬಿಸಿಲಿನ ಕಡೆ ನೋಡಿ ಕೆಮ್ಮಿದರು. ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಈಗ ಸುಳ್ಳು ಹೇಳುವುದು ಯಾಕೆ? ಇನ್ನು ಒಂದೇ ಪುಟ, ಇನ್ನು ಒಂದೇ ಪುಟ ಎಂದುಕೊಳ್ಳುತ್ತಾ ಒಂಬತ್ತನ್ನೂ ಓದಿದೆ. ಚಪ್ಪಾಳೆ ಬಿತ್ತು.

ಆಮೇಲೆ ಗೌರಿಯನ್ನು ಕರೆದೆ. ಬಂದು ನಿಂತಳು, ಪುಸ್ತಕ ತೆರೆದಳು. ತುಟಿ ಆಗಲೇ ನೀಲಿಯಾಗಿತ್ತು. ಒಂದು ಸಾಲು ಓದಿದಳು. ಎರಡನೆಯ ಸಾಲಿಗೆ ಹಲ್ಲು ಕಟಕಟ ಎನ್ನತೊಡಗಿತು, ಕೈಯಲ್ಲಿದ್ದ ಹಾಳೆಗಳು ಪಟಪಟ ಬಡಿದುಕೊಂಡವು. ಮೂರನೆಯದಕ್ಕೆ ಸ್ವರವೇ ಹೊರಡಲಿಲ್ಲ. ಸಾಹೇಬರು ನಿಜಕ್ಕೂ ಒಳ್ಳೆಯವರು. ಪಾಪ, ಮಗುವನ್ನು ಮನೆಗೆ ಕರೆದುಕೊಂಡು ಹೋಗಿ, ಮುಂದಿನ ವರ್ಷ ನೋಡೋಣ ಎಂದರು. ಇನ್ನೊಬ್ಬ ಹುಡುಗನನ್ನು ಓದಿಸಿ ಸೀಟು ಅವನಿಗೆ ಬರೆದರು. ಭೇಟಿಯ ಪುಸ್ತಕದಲ್ಲಿ ಹೊಸ ಇಂಗ್ಲಿಷ್ ಮೇಷ್ಟ್ರ ಭಾಷೆ ಅತ್ಯುತ್ತಮವಾಗಿದೆ, ಇವರನ್ನು ಖಾಯಂ ಮಾಡಬಹುದು ಎಂದು ಷರಾ ಬರೆದು ಹೊರಟರು. ಮಾದಯ್ಯ ಮಗಳನ್ನು ಹೆಗಲಿಗೆ ಹಾಕಿಕೊಂಡು ಗದ್ದೆಯ ಬದುವಿನಲ್ಲಿ ನಡೆದು ಹೋದರು. ಶಾರದೆ ಆ ರಾತ್ರಿ ನನಗೆ ಬಡಿಸಿ ಒಳಗೆ ಹೋದಳು.

ಬುಧವಾರ ಗೌರಿ ಶಾಲೆಗೆ ಬಂದಳು, ಓದಲಿಕ್ಕಲ್ಲ, ಶಾಲೆಯ ಪುಸ್ತಕ ಹಿಂದಿರುಗಿಸಲಿಕ್ಕೆ. ಮೈಯಲ್ಲಿ ಜ್ವರದ ಸುಳಿವೇ ಇರಲಿಲ್ಲ. ತಪ್ಪಾಯಿತು ಎನ್ನಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಬಿಟ್ಟು, ಅವಳ ಮುಖ ನೋಡಿದ ಕೂಡಲೇ ಹಾಜರಿ ಪುಸ್ತಕ ತೆರೆದು ಕೂತೆ. ಅವಳೇ ಮಾತಾಡಿದಳು.

"ನಿನ್ನೆ ನಿಮ್ಮ ಭಾಷಣ ಬಹಳ ಚಂದ ಇತ್ತು ಮಾಷೇ. ಬಾಗಿಲಲ್ಲಿ ನಿಂತು ಎಲ್ಲಾ ಕೇಳಿದೆ."

ಏನಾದರೂ ತಿಳಿಯಿತೇ ಎಂದು ಕೇಳಿದೆ. ಕೇಳಬಾರದಿತ್ತು.

"ಎಲ್ಲಾ ತಿಳೀತು. ಮ್ಯಾಗ್ನಾನಿಮಸ್ ಅಂದ್ರೆ ದೊಡ್ಡ ಮನಸ್ಸಿನವ್ರು. ಏಳು ಸಲ ಅಂದ್ರಿ."

ಪುಸ್ತಕ ಮೇಜಿನ ಮೇಲಿಟ್ಟು, ತಮ್ಮಂದಿರಿಗೆ ಗಂಜಿ ಇಡಬೇಕೆಂದು ಹೊರಟಳು. ಬಾಗಿಲು ದಾಟುವಾಗ ಏನಾದರೂ ಹೇಳಲೇಬೇಕು ಅನ್ನಿಸಿತು. ಒಂಬತ್ತು ಪುಟದ ಮೇಷ್ಟ್ರ ಬಾಯಿಂದ ಹೊರಟದ್ದು ಎರಡೇ ಪದ. "ಥ್ಯಾಂಕ್ ಯೂ" ಎಂದೆ. ಅದೂ ಇಂಗ್ಲಿಷಿನಲ್ಲಿ!