ನೀರು ಹಾಕಬ್ಯಾಡ್ರಿ

ದುರ್ಗದ ಕೋಟೆ ದಾರಿಯ ಓಣಿಯಲ್ಲಿ ದರ್ಜಿ ಮಕ್ಸೂದನ ಮನೆ. ಮನೆ ಮುಂದಿನ ಕುಂಡದಲ್ಲಿ ಕಾಗದದ ಹೂವಿನ ಗಿಡ. ಎಲೆಗೂ ಮುಳ್ಳಿಗೂ ಕೊರತೆಯಿರಲಿಲ್ಲ; ಹೂವೊಂದೇ ಬಂದಿರಲಿಲ್ಲ.

"ಸಂಜೆ ಅಜೀಮಣ್ಣ ಹಿರಿಯೂರಿಂದ ಕೋಳಿಗೂಡು ತರ್ತಾನೆ," ಎಂದಳು ಹೆಂಡತಿ ನೂರುನ್ನೀಸಾ. "ಅಷ್ಟೊತ್ತಿಗೆ ಹೂ ಬಿಟ್ರೆ ಗಿಡ ಇರ್ಲಿ. ಇಲ್ಲಾಂದ್ರೆ ಜಾಗ ಕೋಳಿಗೆ, ಗಿಡ ತಿಪ್ಪೆಗೆ."

ಈ ಗಿಡ ಒಣಗಿ ಸೊರಗಿದರೇ ಹೂ ಬಿಡುವುದು, ನೀರು ಕಂಡರೆ ಬರೀ ಎಲೆ ಎಂದು ನರ್ಸರಿಯವನು ಹೇಳಿದ್ದ. ಮಕ್ಸೂದ್ ಎಷ್ಟೋ ದಿನದಿಂದ ಹನಿ ನೀರು ಹಾಕಿರಲಿಲ್ಲ. ಆದರೂ ಮಣ್ಣು ಮುಟ್ಟಿದರೆ ಕೆಸರು. ಕೊನೆಗೆ ಹೊಲಿಗೆ ಮಿಷನ್ನನ್ನೇ ಹೊರಗೆಳೆದು ಕುಂಡದ ಪಕ್ಕ ಕಾವಲು ಕೂತ.

ನಲ್ಲಿಯಿಂದ ಬಂದ ಎದುರುಮನೆ ಬೋರಕ್ಕ ಕುಂಡಕ್ಕೆ ಅರ್ಧ ಕೊಡ ಬಗ್ಗಿಸಿದಳು.

"ಬ್ಯಾಡ ಬೋರಕ್ಕ. ಬಾಯಾರಿದ್ರೇ ಅದು ಹೂ ಬಿಡೋದು."

"ನೀನು ಉಪ್ವಾಸ ಕುಂತ್ರೆ ಹೂ ಬಿಡ್ತೀಯೇನಪ್ಪ? ದಿನಾ ಹಾಕ್ತೀನಿ, ಇವತ್ತು ಬಿಡ್ಲಾ?"

ಆಮೇಲೆ ಯಾರದೋ ಮನೆಯ ಅಕ್ಕಿ ತೊಳೆದ ನೀರು ಬಂತು. ಪಕ್ಕದ ಮನೆ ಪಾಲಣ್ಣ ಮಜ್ಜಿಗೆಯನ್ನೇ ತಂದು ಹೊಯ್ದ. ಗಿಡ ಹೊಟ್ಟೆತುಂಬ ಉಂಡ ಬೀಗರಂತೆ ನಿಂತಿತು. ಇನ್ನು ನೀರು ಬೀಳದಿರಲೆಂದು ಮಕ್ಸೂದ್ ಕುಂಡಕ್ಕೆ ಕೊಡೆ ಹಿಡಿದ. ತಾನು ಬಿಸಿಲಲ್ಲಿ ಬೆಂದು ಗಿಡಕ್ಕೆ ನೆರಳು ಕೊಡುವವನನ್ನು ಕಂಡು ಓಣಿಯೇ ಮರುಗಿತು. ಬೋರಕ್ಕ ಅವನ ತಲೆಗೂ ಒಂದು ಚೊಂಬು ಸುರಿದಳು. ಅದೂ ಸೋರಿ ಕುಂಡಕ್ಕೇ ಇಳಿಯಿತು.

ಮಕ್ಸೂದ್ ಸೋತು ಸಂಜೆ ಮಸೀದಿಗೆ ಹೋದ. ತಿರುಗಿ ಬಂದರೆ ಗಿಡದ ತುಂಬ ಕೆಂಪು ಹೂ. ಬಗ್ಗಿ ನೋಡಿದ: ಒಂದೊಂದು ಗೊಂಚಲನ್ನೂ ಅವನದೇ ಹೊಲಿಗೆ ದಾರದಲ್ಲಿ ಕಟ್ಟಲಾಗಿತ್ತು.

"ನಮ್ಮ ಹಿತ್ತಲ ಗೋಡೆ ಮೇಲಿನ ಗಿಡದವು," ಎಂದು ಪಾಲಣ್ಣ ಕಿವಿಯಲ್ಲಿ ಉಸುರಿದ. "ನಿಮ್ಮ ಮುಖ ನೋಡಕ್ಕಾಗ್ಲಿಲ್ಲ. ಆ ಗಿಡಕ್ಕೆ ಯಾರೂ ನೀರೇ ಹಾಕಲ್ಲ ನೋಡ್ರಿ, ಸುಮ್ನೆ ಬಿಡ್ತೈತೆ."

ನೂರುನ್ನೀಸಾ ಹೊರಬಂದು ಕಣ್ಣರಳಿಸಿದಳು. "ಬಿಡ್ರಿ, ಗೂಡು ಹಿತ್ತಲಾಗೆ ಇಡಾಣ."

ಅಷ್ಟರಲ್ಲಿ ಲಗೇಜ್ ಆಟೋ ಬಂದು ನಿಂತಿತು. ಅಜೀಮ್ ಇಳಿದವನೇ ಗೂಡು ಮರೆತು ಗಿಡ ನೋಡಿದ. "ಎಷ್ಟು ಚೆಂದ ಐತೆ ತಂಗಿ. ನಮ್ಮ ಬಾಗ್ಲಿಗೆ ಇಂಥದ್ದೇ ಬೇಕಿತ್ತು."

"ತಗೊಂಡ್ಹೋಗಣ್ಣ," ಎಂದಳು ತಂಗಿ, ಗಂಡನ ಕಡೆ ನೋಡದೆ.

ನಿಜ ಹೇಳಿದರೆ ಗಿಡ ತಿಪ್ಪೆಗೆ, ಹೇಳದಿದ್ದರೆ ಹಿರಿಯೂರಿಗೆ. ಮಕ್ಸೂದ್ ಗೂಡು ಇಳಿಸಿ, ಕುಂಡ ಏರಿಸಿದ. ಖಾಲಿಯಾದ ಜಾಗದಲ್ಲಿ ಗೂಡು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಆಟೋ ಹೊರಟಿತು. ಬೋರಕ್ಕ ಚೊಂಬು ಹಿಡಿದು ಹಿಂದೆ ಓಡಿದಳು.

"ನಿಲ್ರಪ್ಪ ಒಂದು ಗಳಿಗೆ. ದೂರದ ದಾರಿ, ಪಾಪ, ಬಾಯಾರ್ತೈತೆ."